ಮೇಳಕ್ಕೆ ವೀಳ್ಯ ಕೊಡುವವರು

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಬೆಳಗಾವಿ ಜಿಲ್ಲೆಯ ಹಳ್ಳಿಗಳ ಬಸ್‌ಸ್ಟ್ಯಾಂಡುಗಳಲ್ಲಿ ಒಂದೇ ನಮೂನೆಯ ಫ್ಲೆಕ್ಸುಗಳು ಏಳುತ್ತವೆ. ನಡುವೆ ಬೀರಪ್ಪ, ಇಲ್ಲವೆ ಚಿಂಚಲಿ ಮಾಯಕ್ಕ. ಎಡಕ್ಕೊಂದು ಮೇಳ, ಬಲಕ್ಕೊಂದು ಮೇಳ. ಹಾಡುಗಾರರ ತಲೆಗೆ ಪಟಗ, ಹೆಗಲಿಗೆ ಕಂಬಳಿ, ಹಣೆಗೆ ಭಂಡಾರ. ಕೆಳಗೆ ದಪ್ಪಕ್ಷರದಲ್ಲಿ ‘ಜಿದ್ದಾಜಿದ್ದಿನ ಡೊಳ್ಳಿನ ಪದಗಳು’. ಜಾನಪದ ಸಾಯುತ್ತಿದೆ ಎಂದು ವಿಚಾರಸಂಕಿರಣಗಳಲ್ಲಿ ಮರುಗುವವರು ಈ ಫ್ಲೆಕ್ಸು ಓದುವುದಿಲ್ಲ. ಓದಿದರೆ ಅವರ ಪ್ರಶ್ನೆಯೇ ಬದಲಾದೀತು. ಈ ಜಿಲ್ಲೆಯಲ್ಲಿ ಕೆಲವು ಹಾಡುಗಳು ಸದ್ದಿಲ್ಲದೆ ಹೋಗಿಬಿಟ್ಟಿವೆ. ಕೆಲವಕ್ಕೆ ತಿಂಗಳುಗಟ್ಟಲೆ ಮೊದಲೇ ತಾರೀಖು ಹಿಡಿಯಬೇಕು. ಯಾವುದು ಯಾಕೆ ಹೋಯಿತು, ಯಾವುದು ಯಾಕೆ ನಿಂತಿತು ಎಂದು ಕೇಳುತ್ತ ಹೋದರೆ ಬಹುಪಾಲು ಒಂದೇ ಉತ್ತರ ಸಿಗುತ್ತದೆ. ಹರಕೆಗೋ, ಹಟಕ್ಕೋ, ಮೆರವಣಿಗೆಗೋ ವೀಳ್ಯ ಕೊಟ್ಟು ಕರೆಯುವವರು ಇದ್ದ ಹಾಡು ಉಳಿದಿದೆ. ‘ಉಳಿಸಬೇಕು’ ಎಂಬ ಒಂದೇ ಕಾರಣಕ್ಕೆ ಕರೆಸಿಕೊಳ್ಳುವ ಹಾಡು ವೇದಿಕೆಯ ಮೇಲೆ ಹತ್ತು ನಿಮಿಷ ನಿಂತು ಕೆಳಗಿಳಿಯುತ್ತದೆ.

ಡೊಳ್ಳಿನ ಪದದಿಂದಲೇ ಶುರು ಮಾಡೋಣ. ಡೊಳ್ಳು ಎಂದಕೂಡಲೆ ಹೊರಗಿನವರಿಗೆ ನೆನಪಾಗುವುದು ಮೆರವಣಿಗೆಯಲ್ಲಿ ಸಾಲುಗಟ್ಟಿ ಕುಣಿಯುವವರು. ರಾಯಬಾಗ, ಹುಕ್ಕೇರಿ, ಮೂಡಲಗಿ, ಗೋಕಾಕ ಕಡೆಯ ಡೊಳ್ಳಿನ ಪದ ಅದಲ್ಲ. ಇದು ವಾದದ ಹಾಡು. ಹಾಲುಮತದ ಬೀರಪ್ಪ, ಮಾಳಿಂಗರಾಯ, ಅಮೋಘಸಿದ್ಧರ ಕಥೆ ಇದರ ಮೂಲ ಬಂಡವಾಳ. ಗುಡಿಯ ಮುಂದಿನ ಬಯಲಲ್ಲಿ ಎರಡು ಮೇಳ ಕೂಡುತ್ತವೆ. ಮುಖ್ಯ ಹಾಡುಗಾರ ಒಂದು ಕೈ ಕಿವಿಗೆ ಕೊಟ್ಟು ಸಾಲು ಎತ್ತುತ್ತಾನೆ, ಹಿಮ್ಮೇಳದವರು ಅದನ್ನು ಹಿಡಿದು ಎಳೆಯುತ್ತಾರೆ, ಸಾಲು ಮುಗಿಯುವ ಜಾಗಕ್ಕೆ ಸರಿಯಾಗಿ ಡೊಳ್ಳು ಬೀಳುತ್ತದೆ. ಪದ ಮುಗಿಸುವಾಗ ಆ ಮೇಳ ಒಂದು ಗಂಟು ಹಾಕಿ ಬಿಡುತ್ತದೆ: ಪುರಾಣದ ಯಾವುದೋ ಮೂಲೆಯ ಒಂದು ಹೆಸರು, ಒಂದು ವಂಶ, ಒಂದು ಲೆಕ್ಕ. ಎದುರಿನವರು ತಮ್ಮ ಪಾಳಿಯಲ್ಲಿ ಅದನ್ನು ಬಿಡಿಸಿ ತಾವೂ ಒಂದು ಗಂಟು ಹಾಕಬೇಕು. ಹೀಗೆ ಬೆಳಗಿನತನಕ. ನಡುವೆ ಯಾರೋ ಎದ್ದುಬಂದು ನೋಟು ಕೊಡುತ್ತಾರೆ, ಅವರ ಹೆಸರು ಮೈಕಿನಲ್ಲಿ ಬರುತ್ತದೆ. ಅದೂ ಹಾಡಿನ ಲಯದಲ್ಲೇ. ಗಂಟು ಬಿಡಿಸಲಾರದೆ ಹೋದ ಮೇಳದ ಹೆಸರನ್ನು ಮುಂದಿನ ವರ್ಷ ಜಾತ್ರೆ ಕಮಿಟಿಯವರು ಎತ್ತುವುದಿಲ್ಲ. ಹಾಗಾಗಿ ಹಗಲಲ್ಲಿ ಕಬ್ಬು ಕಡಿಯುವ, ಕುರಿ ಕಾಯುವ ಹುಡುಗರು ಪುರಾಣದ ಪುಸ್ತಕ ತಿರುವಿಹಾಕುತ್ತಾರೆ, ಹಿರಿಯರ ಬೆನ್ನು ಹತ್ತುತ್ತಾರೆ. ಯಾವ ಅಕಾಡೆಮಿಯ ತರಬೇತಿ ಶಿಬಿರವೂ ಇಷ್ಟು ಓದಿಸಲಾರದು. ಇಡೀ ರಾತ್ರಿಯ ಹಾಡಿಕೆ ಮರುದಿನವೇ ಯೂಟ್ಯೂಬಿಗೆ ಏರುತ್ತದೆ. ಕೇಳುವವರು ಕೆಳಗೆ ಕಾಮೆಂಟಿನಲ್ಲಿ ಜಗಳವನ್ನು ಮುಂದುವರಿಸುತ್ತಾರೆ.

ಈ ಸವಾಲಿನ ಮನಸ್ಸು ಡೊಳ್ಳಿನ ಪದದ್ದಷ್ಟೇ ಅಲ್ಲ. ಗೀಗೀ ಪದ, ಲಾವಣಿಗಳಲ್ಲಿ ಹರದೇಶಿ–ನಾಗೇಶಿ ಎಂದು ಎರಡು ಪಕ್ಷ. ಒಂದು ಶಿವನನ್ನು, ಗಂಡನ್ನು ಎತ್ತಿ ಹಿಡಿದರೆ ಇನ್ನೊಂದು ಶಕ್ತಿಯನ್ನು, ಹೆಣ್ಣನ್ನು. ಕಲ್ಗಿ–ತುರಾ ಎಂಬ ಹೆಸರಿನಲ್ಲಿ ಇದೇ ಜಗಳ ಮರಾಠಿ ಶಾಹೀರರಲ್ಲೂ ಇದೆ. ಬೇಕಾಗುವ ಸಾಮಾನು ಕಡಿಮೆ: ಒಂದು ಡಪ್ಪು, ಒಂದು ತುಂತುಣಿ, ತಾಳ, ಗೀಗೀ ಎಂದು ದನಿಗೂಡಿಸಲು ಇಬ್ಬರು. ನಾಗೇಶಿಯ ಕಡೆ ಹೆಚ್ಚಾಗಿ ಹೆಂಗಸೇ ಮುಂದಾಳು. ಊರ ಗಂಡಸರೆಲ್ಲ ಕೂತ ಸಭೆಯಲ್ಲಿ ಗಂಡಸಿನ ದೊಡ್ಡಸ್ತಿಕೆಯನ್ನು ಒಂದೊಂದೇ ಎಳೆ ಬಿಡಿಸಿ ನಗೆಗೀಡು ಮಾಡುವ ಹಕ್ಕು ಆಕೆಗಿತ್ತು. ಈಗಲೂ ಇದೆ, ಆದರೆ ಕರೆಯುವವರು ಕಡಿಮೆಯಾಗಿದ್ದಾರೆ; ಡೊಳ್ಳಿನ ಮೇಳಗಳು ಆ ಜಾಗವನ್ನು ಅರ್ಧಕ್ಕರ್ಧ ನುಂಗಿವೆ.

ಲಾವಣಿಗೆ ಇನ್ನೊಂದು ಕೆಲಸವೂ ಇತ್ತು, ಸುದ್ದಿ ಹೇಳುವುದು. ಶಾಸನತಜ್ಞನೆಂದೇ ಹೆಸರಾದ ಜೆ. ಎಫ್. ಫ್ಲೀಟ್ ಈ ಭಾಗದಲ್ಲಿ ಅಧಿಕಾರಿಯಾಗಿದ್ದಾಗ ಕನ್ನಡ ಲಾವಣಿಗಳನ್ನು ಬರೆಸಿಕೊಂಡು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು ಅದರಲ್ಲಿದ್ದಾರೆ. ರಾಯಣ್ಣನನ್ನು ಗಲ್ಲಿಗೇರಿಸಿದ್ದು ಖಾನಾಪುರ ತಾಲೂಕಿನ ನಂದಗಡದಲ್ಲಿ, 1831ರ ಜನವರಿ 26ರಂದು. ಆಳುವ ಬ್ರಿಟಿಷರು ಬಂಡುಕೋರ ಎಂದು ಕಡತ ಮುಚ್ಚಿದವನನ್ನು ಊರೂರ ಹಾಡುಗಾರರು ಐವತ್ತು ವರ್ಷ ಬಾಯಲ್ಲಿ ಹೊತ್ತು ತಿರುಗಿದ್ದರು. ಕೊನೆಗೆ ಬ್ರಿಟಿಷರದೇ ಅಧಿಕಾರಿಯೊಬ್ಬ ಆ ಹಾಡನ್ನು ಬರೆದಿಟ್ಟ. ನಂದಗಡದ ಆಲದ ಮರದ ಬಳಿಯ ಸಮಾಧಿಗೆ ಇಂದಿಗೂ ತೊಟ್ಟಿಲು ಕಟ್ಟಿ ಹರಕೆ ಹೊರುವವರಿದ್ದಾರೆ. ರಾಯಣ್ಣನ ಹಾಡು ನಿಂತಿರುವುದಕ್ಕೆ ಆ ಹರಕೆಯೂ ಕಾರಣ. ಅಂದಿನ ಸುದ್ದಿಯನ್ನು ಅಂದೇ ಹಾಡು ಕಟ್ಟುವ ಚಾಳಿ ಮಾತ್ರ ಲಾವಣಿಕಾರರಲ್ಲಿ ಕಡಿಮೆಯಾಗಿದೆ. ಅದನ್ನು ಈಗ ಮಾಡುತ್ತಿರುವವರು ರಾಯಬಾಗ ತಾಲೂಕಿನ ನಿಪನಾಳದ ಮಾಳು ಅವರಂಥ ಯೂಟ್ಯೂಬ್ ಹಾಡುಗಾರರು. ಡ್ರೈವರ್, ಟ್ರ್ಯಾಕ್ಟರ್, ಕೈಕೊಟ್ಟ ಹುಡುಗಿ ಎಂದು ಕಟ್ಟುವ ಈ ಹಾಡುಗಳಿಗೂ ‘ಜಾನಪದ’ ಎಂದೇ ಹಣೆಪಟ್ಟಿ. ಮಡಿವಂತರಿಗೆ ಸಿಟ್ಟು ಬರುತ್ತದೆ. ಅವುಗಳಲ್ಲಿ ಅರ್ಧ ಜಳ್ಳು ಎಂಬುದು ನನಗೂ ಗೊತ್ತು. ಆದರೆ ಪ್ರಾಸ ಹಿಡಿಯುವ ಬಗೆ, ಬೆಳಗಾವಿ ಸೀಮೆಯ ಮಾತಿನ ಏರಿಳಿತ ಸೀದಾ ಲಾವಣಿಯ ಮನೆಯಿಂದ ಬಂದದ್ದು. ಕಾಲವೇ ಕೇರುತ್ತದೆ, ಬಿಡಿ.

ಇನ್ನು ಹೋದವುಗಳ ವಿಚಾರ. ಹಂತಿಪದ ಹೋಯಿತು. ಕಣದ ನಡುವೆ ಮೇಟಿ ನೆಟ್ಟು, ಜೋಳದ ತೆನೆ ಹರಡಿ, ಎತ್ತು ಸುತ್ತಿಸುತ್ತ ಇಡೀ ರಾತ್ರಿ ನಿದ್ದೆಗೆಡುವಾಗ ಹಾಡುತ್ತಿದ್ದ ಪದ ಅದು. ರಾಶಿ ಮಶೀನು ಬಂದು ಒಂದು ತಾಸಿನಲ್ಲಿ ಕೆಲಸ ಮುಗಿಸಿದ ಮೇಲೆ ಹಾಡಲು ರಾತ್ರಿಯೇ ಉಳಿಯಲಿಲ್ಲ. ಬೀಸುವ ಪದ ಗಿರಣಿಯ ಪಾಲಾಯಿತು. ಯುವಜನ ಮೇಳಗಳಲ್ಲಿ ಬೀಸುವ ಪದಕ್ಕೊಂದು ಸ್ಪರ್ಧೆ ಇರುತ್ತದೆ. ಟೆಂಪೋದಲ್ಲಿ ಬೀಸುಕಲ್ಲು ಹೇರಿಕೊಂಡು ಬಂದು, ಇಳಕಲ್ ಸೀರೆ ಉಟ್ಟ ಕಾಲೇಜು ಹುಡುಗಿಯರು ಕಾಳಿಲ್ಲದ ಕಲ್ಲು ತಿರುಗಿಸುತ್ತ ಹಾಡಿ ಬಹುಮಾನ ಒಯ್ಯುತ್ತಾರೆ. ನಗಬೇಕೆನಿಸುತ್ತದೆ, ಆದರೆ ಎಷ್ಟೋ ಧಾಟಿಗಳು ಈ ಸ್ಪರ್ಧೆಯ ದೆಸೆಯಿಂದಲೇ ಇನ್ನೊಂದು ತಲೆಮಾರಿನ ಬಾಯಿಗೆ ಬಂದಿವೆ ಎಂಬುದೂ ಖರೆ.

ಧಾಟಿಯನ್ನು ಉಳಿಸುವವರ ಪೈಕಿ ದೊಡ್ಡ ಹೆಸರು ಬೈಲೂರಿನವರಾದ ಬಸವಲಿಂಗಯ್ಯ ಹಿರೇಮಠ ಅವರದು. ಧಾರವಾಡದಲ್ಲಿ ನೆಲೆಸಿ, ಪತ್ನಿ ವಿಶ್ವೇಶ್ವರಿ ಅವರೊಂದಿಗೆ ಜನಪದ ಸಂಶೋಧನ ಕೇಂದ್ರ ಕಟ್ಟಿ, ಹಂತಿಪದದಿಂದ ಚೌಡಿಕೆ ಪದದವರೆಗೆ ಹಳ್ಳಿಯ ಮೂಲ ಮಟ್ಟುಗಳನ್ನು ಹಿಡಿದು ಹಾಡುತ್ತ ಬಂದವರು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯೂ ಈ ಕೆಲಸದಲ್ಲಿ ಪಾಲುದಾರ. ಹಳ್ಳಿಯ ಎಷ್ಟೋ ಹಾಡುಗಾರರನ್ನು ಸ್ಟುಡಿಯೊ ಮೆಟ್ಟಿಲು ಹತ್ತಿಸಿದ್ದು ಅದೇ. ಕಣ ಹೋದ ಮೇಲೂ ಕಣದ ಹಾಡು ಹೇಗಿತ್ತು ಎಂದು ಇಂಥವರಿಂದ ನಮಗೆ ಗೊತ್ತಾಗುತ್ತದೆ. ರಾತ್ರಿಯೆಲ್ಲ ಎಳೆದಾಡುತ್ತಿದ್ದ ಪದ ಐದು ನಿಮಿಷಕ್ಕೆ ಕುಗ್ಗುವುದಂತೂ ತಪ್ಪುವುದಿಲ್ಲ.

ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಆದದ್ದೂ ಅದೇ. ಅಪರಾಳ ತಮ್ಮಣ್ಣನ ಕೃತಿಗೆ ಕುಲಗೋಡ ತಮ್ಮಣ್ಣ ರಂಗದ ರೂಪ ಕೊಟ್ಟ. ಕೌಜಲಗಿ ನಿಂಗಮ್ಮ ಅದನ್ನು ಉತ್ತರ ಕರ್ನಾಟಕದ ಮನೆಮಾತು ಮಾಡಿದಳು. ಕುಲಗೋಡ, ಕೌಜಲಗಿ ಎರಡೂ ಹಳೆಯ ಗೋಕಾಕ ಸೀಮೆಯ ಊರುಗಳು. ಸತ್ಯಭಾಮೆಯ ಒಂದು ಮುನಿಸಿಗೆ ಒಂದು ತಾಸು ಹಾಡುತ್ತಿದ್ದ ಆಟ ಈಗ ಉತ್ಸವಗಳ ವೇದಿಕೆಗೆ ತಕ್ಕಂತೆ ಕತ್ತರಿಸಿಕೊಂಡಿದೆ. ಬೈಲಹೊಂಗಲದ ಕಡೆಯ ಕೊಲೆಯ ಕಥೆಯಾದ ‘ಸಂಗ್ಯಾ ಬಾಳ್ಯಾ’ಗೆ ಮಾತ್ರ ಬೇರೆ ದೈವ ಒಲಿಯಿತು: ಘೋಡಗೇರಿಯ ಚಂದ್ರಶೇಖರ ಕಂಬಾರರ ಕೈಗೆ ಸಿಕ್ಕು ಅಚ್ಚಾಗಿ ಪಟ್ಟಣದ ರಂಗಭೂಮಿಗೂ ಹೋಯಿತು, ಹಳ್ಳಿಯಲ್ಲಿ ಸಣ್ಣಾಟವಾಗಿಯೂ ನಿಂತಿತು.

ಇದೆಲ್ಲಕ್ಕಿಂತ ತೊಡಕಿನದು ಚೌಡಿಕೆಯ ಕಥೆ.

ಚೌಡಿಕೆ ನೋಡಲು ಬಡಪಾಯಿ ವಾದ್ಯ. ಕೊಳಗದಷ್ಟು ಗಾತ್ರದ ಪೊಳ್ಳು ಡಬ್ಬಿ, ಅದರ ಒಂದು ಬಾಯಿಗೆ ಬಿಗಿದ ಚರ್ಮ, ಚರ್ಮದ ನಟ್ಟನಡುವಿನಿಂದ ಹೊರಟ ಒಂದೇ ಒಂದು ತಂತಿ. ಡಬ್ಬಿಯನ್ನು ಕಂಕುಳಲ್ಲಿ ಅಮುಕಿ, ತಂತಿಯ ತುದಿಯನ್ನು ಒಂದು ಕೈಯಲ್ಲಿ ಎಳೆದು ಹಿಡಿದು ಇನ್ನೊಂದು ಕೈಯಲ್ಲಿ ಮೀಟಬೇಕು. ಎಳೆತ ಹೆಚ್ಚಿಸಿದರೆ ದನಿ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಸ್ವರವೂ ಅದರಲ್ಲೇ ತಾಳವೂ ಅದರಲ್ಲೇ. ಪಕ್ಕದಲ್ಲಿ ಶ್ರುತಿಗೆ ಒಂದು ತುಂತುಣಿ, ಒಂದು ಜೋಡಿ ತಾಳ. ಈ ಮೂರನ್ನೇ ಇಟ್ಟುಕೊಂಡು ದೇವಿಗೆ ಮುಡಿಪಾದ ಜೋಗತಿ ಹೆಂಗಸರು, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಜೋಗಪ್ಪಗಳು ಸವದತ್ತಿ ಎಲ್ಲಮ್ಮನ ಕಥೆಯನ್ನು ರಾತ್ರಿಗಟ್ಟಲೆ ಹಾಡುತ್ತಾರೆ: ರೇಣುಕೆ ಮರಳಿನ ಕೊಡದಲ್ಲಿ ಮಲಪ್ರಭೆಯ ನೀರು ತರುವುದು, ಜಮದಗ್ನಿಯ ಸಿಟ್ಟು, ಪರಶುರಾಮ ತಾಯಿಯ ತಲೆ ಕಡಿಯುವುದು, ಮತ್ತೆ ಬದುಕಿಸಿಕೊಳ್ಳುವುದು. ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡ ತುಂಬುತ್ತದೆ. ಮಹಾರಾಷ್ಟ್ರದ ಕಡೆಯಿಂದ ಬಂದವರು ಅದೇ ವಾದ್ಯ ಹಿಡಿದು ಅದೇ ಕಥೆಯನ್ನು ಮರಾಠಿಯಲ್ಲಿ ಹಾಡುತ್ತಾರೆ. ಮನೆಯಲ್ಲಿ ದೇವಿಯ ಬುಟ್ಟಿಯಾದ ಪರಡಿ ತುಂಬಿಸುವಾಗ, ಹರಕೆ ತೀರಿಸುವಾಗ ಈ ಹಾಡುಗಾರರು ಬೇಕೇ ಬೇಕು. ವೀಳ್ಯಕ್ಕೆ ಬರವಿಲ್ಲ.

ತೊಡಕು ಇರುವುದು ಹಾಡುವವರ ಬಾಳಿನಲ್ಲಿ. ಈ ಹಾಡನ್ನು ತಲೆಮಾರುಗಳಿಂದ ಕಾಪಾಡಿದ ಹೆಂಗಸರಲ್ಲಿ ಎಷ್ಟೋ ಮಂದಿ ಚಿಕ್ಕ ವಯಸ್ಸಿನಲ್ಲೇ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರು, ಹೆಚ್ಚಿನವರು ದಲಿತ ಕೇರಿಗಳವರು. ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಬರಲೇಬೇಕಿತ್ತು, ಆ ಬಗ್ಗೆ ಎರಡು ಮಾತಿಲ್ಲ. ಆದರೆ ಹಾಡು ಕಲಿಯುವ ದಾರಿ ಆ ಕೆಟ್ಟ ಪದ್ಧತಿಯ ಒಳಗೇ ಹೆಣೆದುಕೊಂಡಿತ್ತು. ಮುತ್ತು ಕಟ್ಟಿಸಿಕೊಂಡ ಹುಡುಗಿ ಹಿರಿಯ ಜೋಗತಿಯ ಜೊತೆ ಊರೂರು ತಿರುಗಿ ಕಥೆ ಕಲಿಯುತ್ತಿದ್ದಳು. ದಾರಿ ಮುಚ್ಚಿದ ಮೇಲೆ ಕಲಿಕೆಗೆ ಹೊಸ ದಾರಿ ತೆಗೆಯುವ ಕೆಲಸವನ್ನು ಕಾನೂನು ಮಾಡಿದವರು ಮಾಡಲಿಲ್ಲ, ಜಾನಪದದವರೂ ಬಹಳ ಕಾಲ ಮಾಡಲಿಲ್ಲ. ತಾಯಿ ಚೌಡಿಕೆ ಹಿಡಿದಳೆಂದು ಶಾಲೆಯಲ್ಲಿ ಅನ್ನಿಸಿಕೊಂಡ ಮಗಳು ಅದನ್ನು ಮುಟ್ಟುವುದಿಲ್ಲ. ಮುಟ್ಟಬೇಕೆಂದು ಆಕೆಗೆ ಹೇಳುವ ಹಕ್ಕು ನನಗೂ ಇಲ್ಲ, ಈ ಲೇಖನ ಓದುವವರಿಗೂ ಇಲ್ಲ. ಜೋಗಪ್ಪಗಳ ಪೈಕಿ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಮೇಲೆ ಜೋಗಪ್ಪಗಳಿಗೆ ಸಭೆಯಲ್ಲಿ ಕುರ್ಚಿ ಸಿಕ್ಕಿತು. ಜೋಗತಿ ಹೆಂಗಸರಿಗೆ ಆ ಮಟ್ಟದ ಮರ್ಯಾದೆ ಇನ್ನೂ ಸಿಕ್ಕಿಲ್ಲ. ಚೌಡಿಕೆ ಪದವನ್ನು ಈಗ ಗಂಡಸರು, ಬೇರೆ ಬೇರೆ ಜಾತಿಯ ಕಾಲೇಜು ಹುಡುಗರು ಕಲಿತು ಹಾಡುತ್ತಿದ್ದಾರೆ. ಅದು ಒಳ್ಳೆಯದೇ. ಆದರೆ ಕಲಿಸಿದ ಜೋಗತಿಗೆ ಗುರುವಿನ ಹೆಸರು ಕೊಡದ ಕಲಿಕೆ ಅದಾಗಬಾರದು.

ಹಲಗಿಯದೂ ಹೆಚ್ಚುಕಡಿಮೆ ಇದೇ ಪಾಡು, ಬೆಳಗಾವಿ ಶಹರದಲ್ಲಂತೂ ಅದು ಎದ್ದು ಕಾಣುತ್ತದೆ. ಅನಂತ ಚತುರ್ದಶಿಯ ಸಂಜೆ ಶುರುವಾದ ಗಣಪತಿ ಮೆರವಣಿಗೆ ಮರುದಿನ ಕಪಿಲೇಶ್ವರ ಹೊಂಡದ ಬಳಿ ಮುಗಿಯುವ ಊರು ಇದು. ಶಿವಜಯಂತಿಯ ಮೆರವಣಿಗೆಯೂ ಅಷ್ಟೇ ಜೋರು. ಮೊದಲು ಇದಕ್ಕೆ ಹಲಗಿ, ಲೇಜಿಮ್, ಕರಡಿ ಮಜಲು, ಸಂಬಾಳ. ಈಗ ಝಾಂಜ್ ಪಥಕಗಳು, ಪುಣೆಯಿಂದ ಬಂದ ರೀತಿಯ ಢೋಲ್–ತಾಶಾ ಪಥಕಗಳು. ಸಮವಸ್ತ್ರ, ಭಗವಾ ಪಟಗ, ತಿಂಗಳುಗಟ್ಟಲೆ ತಾಲೀಮು, ಸಾಲಿನಲ್ಲಿ ಅರ್ಧದಷ್ಟು ಹುಡುಗಿಯರು. ಹಲಗಿ ಬಾರಿಸುವುದನ್ನು ಜಾತಿಯ ಹೊರೆ ಎಂದು ಎಸೆದು ಬಂದ ಮನೆಗಳಿವೆ. ಅದೇ ಚರ್ಮವಾದ್ಯವನ್ನು ಸೊಂಟಕ್ಕೆ ಕಟ್ಟಿಕೊಂಡ ಬಡಾವಣೆಯ ಇಂಜಿನಿಯರಿಂಗ್ ಹುಡುಗ ಬಾರಿಸಿದರೆ ಸಂಸ್ಕೃತಿ. ಈ ವ್ಯತ್ಯಾಸವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಡಿಜೆ ಬೇಡ ಎಂದು ಪ್ರತಿ ವರ್ಷ ಪೊಲೀಸರ ಸಭೆ ನಡೆದಾಗ ಜನ ಸಾಂಪ್ರದಾಯಿಕ ವಾದ್ಯದ ಹೆಸರು ಎತ್ತುತ್ತಾರೆ. ಹಲಗಿಯವನಿಗೆ ಅಷ್ಟರಮಟ್ಟಿಗೆ ನಾಲ್ಕು ದಿನದ ಕೂಲಿ ಹೆಚ್ಚಾಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತಕ್ಕೆ ಮೈಕು ಆರಿಸು ಎನ್ನುತ್ತವೆ. ಇಡೀ ರಾತ್ರಿಯ ಹಾಡಿಕೆಗೂ ಅದೇ ನಿಯಮ; ಹಳ್ಳಿಯ ಕಮಿಟಿಗಳು ಠಾಣೆಗೆ ಅಲೆಯುವುದು ಅದಕ್ಕೇ.

ಶಹರದಲ್ಲಿ ಕುಮಾರ ಗಂಧರ್ವ ರಂಗಮಂದಿರವಿದೆ. ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಾಳಿಮಠ ಮುಂದೆ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರಾಗಿ, ದೇವಾಸದಲ್ಲಿ ಹಾಸಿಗೆ ಹಿಡಿದಾಗ ಮಾಳವದ ಹೆಂಗಸರ ಹಾಡು ಕೇಳಿ, ಆ ಧಾಟಿಗಳಿಂದ ಹೊಸ ರಾಗಗಳನ್ನೇ ಹುಟ್ಟಿಸಿದರು. ತವರಿನ ಹಂತಿಪದಕ್ಕೋ ಚೌಡಿಕೆಗೋ ಅಂಥ ಕಿವಿ ದಕ್ಕಿದ್ದರೆ ಏನಾಗುತ್ತಿತ್ತು ಎಂದು ಆ ರಂಗಮಂದಿರದ ಮುಂದೆ ಹಾಯುವಾಗಲೆಲ್ಲ ಅನ್ನಿಸುತ್ತದೆ.

ರೇಣುಕೆ ಕೊಡ ತುಂಬಿದ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಬೆಳಗಾವಿಯಿಂದ ಇಪ್ಪತ್ತೈದು ಕಿಲೋಮೀಟರ್ ದಕ್ಷಿಣಕ್ಕೆ ಖಾನಾಪುರ ದಾಟಿದರೆ ಹಾಡಿನ ನಕಾಶೆಯೇ ಬದಲಾಗುತ್ತದೆ. ಪೂರ್ವದ ಇಟಗಿ, ಪಾರಿಶ್ವಾಡ, ಬೀಡಿ ಕಡೆ ಕನ್ನಡ: ಡೊಳ್ಳು, ಭಜನೆ, ಶಿಶುನಾಳ ಶರೀಫರ ತತ್ವಪದ, ಮೊಹರಮ್ಮಿನ ರಿವಾಯತ ಪದ. ಪಶ್ಚಿಮದ ಜಾಂಬೋಟಿ, ಕಣಕುಂಬಿ ಕಡೆ ಕಾಡು, ಮಳೆ, ಮರಾಠಿ. ಅಲ್ಲಿ ಊರೂರಿಗೆ ವಾರಕರಿ ಭಜನಿ ಮಂಡಳಿ. ಏಕಾದಶಿಯ ರಾತ್ರಿ ವಿಠ್ಠಲನ ಗುಡಿಯಲ್ಲೋ ಮಾರುತಿ ಗುಡಿಯಲ್ಲೋ ಒಂದು ಪಖವಾಜು, ಒಂದು ಪೇಟಿ, ಕೈಗೊಂದು ಜೋಡಿ ತಾಳ. ಆಷಾಢಕ್ಕೆ ಪಂಢರಪುರದ ದಿಂಡಿ ಹೊರಡಬೇಕು, ಹಾಡು ಬಾರದವನು ದಿಂಡಿಯಲ್ಲಿ ಮೂಕನಂತೆ ನಡೆಯಬೇಕಾಗುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ. ಇಲ್ಲಿನ ಭಜನೆ ಯಾರ ಅನುದಾನವನ್ನೂ ಕಾದು ಕೂತಿಲ್ಲ.

ಎರಡು ಭಾಷೆಯ ನಡುವೆ ಓಡಾಡಿಕೊಂಡಿರುವವರು ಗೊಂದಲಿಗರು. ಮದುವೆಯ ಮೇಲೆ ಅಂಬಾಭವಾನಿಯ ಗೊಂದಲ ಹಾಕಿಸುವ ಮನೆ ಮರಾಠಿಯದಾದರೆ ಮರಾಠಿಯಲ್ಲಿ, ಕನ್ನಡದ್ದಾದರೆ ಕನ್ನಡದಲ್ಲಿ ಕಥೆ ನಡೆಯುತ್ತದೆ. ಸಂಬಾಳದ ಪೆಟ್ಟು ಎರಡಕ್ಕೂ ಒಂದೇ. ಗಡಿಯ ಹೆಸರಿನಲ್ಲಿ ಬಸ್ಸಿಗೆ ಕಲ್ಲು ಬೀಳುವ ವರ್ಷವೂ ಗೊಂದಲಿಗನಿಗೆ ಎರಡೂ ಕಡೆಯ ಕರೆ ತಪ್ಪಿಲ್ಲ.

ಕಾಡಿನೊಳಗಿನ ಹಾಡುಗಳ ಸ್ಥಿತಿ ಇಷ್ಟು ಸುಭದ್ರವಲ್ಲ. ಎಮ್ಮೆ ಸಾಕುವ ಧನಗರ ಗೌಳಿಗರಿಗೆ ದಸರೆಯೇ ದೊಡ್ಡ ಹಬ್ಬ. ದೊಡ್ಡಿ ದೊಡ್ಡಿಗಳವರು ಕೂಡಿ ಸೀಲಂಗಣ (ಸೀಮೋಲ್ಲಂಘನ) ಮಾಡುವಾಗ ಗಂಡಸರ ಕುಣಿತ, ಹೆಂಗಸರ ಫುಗಡಿ ನಡೆಯುತ್ತದೆ. ಉತ್ತರ ಕನ್ನಡದ ಅಂಚಿಗೆ ಸಿದ್ದಿಗಳಿದ್ದಾರೆ, ಅವರ ಡೋಲು ದಮಾಮ್ ಇದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದ ಸಿದ್ದಿಗಳು ಒಂದೇ ದಮಾಮಿಗೆ ಕುಣಿಯುತ್ತಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲೇ ಸಿಕ್ಕಿದ್ದ ಪರಿಶಿಷ್ಟ ಪಂಗಡದ ಮಾನ್ಯತೆ ಬೆಳಗಾವಿ, ಧಾರವಾಡ ಜಿಲ್ಲೆಯವರಿಗೆ ಸಿಕ್ಕಿದ್ದು 2020ರಲ್ಲಿ. ಯಲ್ಲಾಪುರ, ಹಳಿಯಾಳದ ದಮಾಮ್ ತಂಡಗಳು ದೇಶವೆಲ್ಲ ಸುತ್ತಿದ ಮೇಲೂ ಖಾನಾಪುರದ ಸಿದ್ದಿಗಳ ಹೆಸರು ಕೇಳಿದವರು ಕಡಿಮೆ.

ಇದಕ್ಕೊಂದು ಸರಳ ಕಾರಣ ನನಗೆ ಕಾಣುತ್ತದೆ. ಕನ್ನಡ ಜಾನಪದದ ನಮ್ಮ ಸಂಗ್ರಹಗಳು ಕನ್ನಡ ಹಾಡನ್ನು ಮಾತ್ರ ಎಣಿಸುತ್ತವೆ. ಮರಾಠಿಯ ಜಾನಪದ ವಿದ್ವಾಂಸರ ಓಡಾಟ ಕೊಲ್ಲಾಪುರ, ಸಿಂಧುದುರ್ಗಕ್ಕೆ ನಿಲ್ಲುತ್ತದೆ. ಗೌಳಿಗರ ಮರಾಠಿ, ಸಿದ್ದಿಗಳ ಕೊಂಕಣಿ–ಮರಾಠಿ ಕಲಬೆರಕೆ ಎರಡೂ ಕಡೆಯವರ ಲೆಕ್ಕಕ್ಕೆ ಬರಲಿಲ್ಲ. ಯಾವ ಭಾಷೆಯವರು ಇಲ್ಲಿ ಹೆಚ್ಚು ಎಂದು ಎಣಿಸುವುದರಲ್ಲಿ ಎರಡೂ ಕಡೆಯವರು ಕಳೆದ ಹೊತ್ತಿನಲ್ಲಿ ಕಾಲುಭಾಗ ಇವರು ಏನು ಹಾಡುತ್ತಾರೆ ಎಂದು ಕೇಳಿಸಿಕೊಳ್ಳಲು ಕೊಟ್ಟ ಹಾಗಿಲ್ಲ.

ಸರಕಾರ ಏನೂ ಮಾಡಿಲ್ಲ ಎನ್ನುವುದು ತಪ್ಪಾಗುತ್ತದೆ. 58 ದಾಟಿದ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನವಿದೆ. ಚಿಕ್ಕ ಮೊತ್ತವಾದರೂ ಮುದುಕ ಹಾಡುಗಾರನ ಔಷಧಕ್ಕೆ ಆಗುತ್ತದೆ. ಅರ್ಜಿಗೆ ಕಾರ್ಯಕ್ರಮದ ಫೋಟೊ, ಪ್ರಮಾಣಪತ್ರ ಬೇಕು. ಹರಕೆಗೆ ಹಾಡಿದವಳಿಗೆ ಪ್ರಮಾಣಪತ್ರ ಕೊಡುವವರಾರು? ಕಿತ್ತೂರು ಉತ್ಸವ, ಸಂಗೊಳ್ಳಿ ರಾಯಣ್ಣ ಉತ್ಸವಗಳ ಜಾನಪದ ಮೆರವಣಿಗೆಯಲ್ಲಿ ರಾಜ್ಯದ ಕಲಾತಂಡಗಳೆಲ್ಲ ಬರುತ್ತವೆ. ಡೊಳ್ಳಿನ ಪದದವರು ಅಲ್ಲಿ ಡೊಳ್ಳು ಬಡಿಯುತ್ತ ಹಾದುಹೋಗುತ್ತಾರೆ, ಪದ ಹಾಡಲು ಯಾರೂ ನಿಲ್ಲಿಸುವುದಿಲ್ಲ. ಆ ಖರ್ಚಿನ ಒಂದು ಪಾಲು ಎರಡು ಮೇಳಗಳ ಇಡೀ ರಾತ್ರಿಯ ಸವಾಲಿಗೆ ಇಟ್ಟರೆ ಉತ್ಸವಕ್ಕೆ ಜನರೂ ಬಂದಾರು, ಹರದೇಶಿ–ನಾಗೇಶಿಗೆ ಒಂದು ವೀಳ್ಯವೂ ಸಿಕ್ಕೀತು.

ಖಾನಾಪುರದ ಕಾಡಿನ ಹಾಡುಗಳನ್ನು ದಾಖಲಿಸುವ ಕೆಲಸಕ್ಕೆ ಮಾತ್ರ ಅವಸರವಿದೆ. 2011ರಲ್ಲಿ ಭೀಮಗಡ ವನ್ಯಜೀವಿ ಧಾಮವಾದ ಮೇಲೆ ಒಳಗಿನ ಊರುಗಳಿಗೆ ರಸ್ತೆ, ಕರೆಂಟು ಕೊಡುವುದು ಕಷ್ಟವಾಗಿ, ತಳೇವಾಡಿಯಂಥ ಊರಿನವರು ಪರಿಹಾರ ಪಡೆದು ಹೊರಬರತೊಡಗಿದ್ದಾರೆ. ಹೊರಬಂದವರು ಖಾನಾಪುರಕ್ಕೋ ಬೆಳಗಾವಿಗೋ ಚದುರುತ್ತಾರೆ; ಹತ್ತು ಮನೆಯವರು ಕೂಡಿ ಹಾಡುತ್ತಿದ್ದುದನ್ನು ಬಾಡಿಗೆ ಮನೆಯಲ್ಲಿ ಒಬ್ಬಳೇ ಹಾಡಲಾರಳು. 2010ರಿಂದ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ, 2011ರಿಂದ ಶಿಗ್ಗಾವಿಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಈ ಕೆಲಸಕ್ಕೆ ದೊಡ್ಡ ಯೋಜನೆ ಬೇಡ. ಖಾನಾಪುರದ ಕಾಲೇಜುಗಳಲ್ಲಿ ಕನ್ನಡ, ಮರಾಠಿ ಎರಡನ್ನೂ ತಡವರಿಸದೆ ಆಡುವ ಹುಡುಗ ಹುಡುಗಿಯರು ಬೆಂಚಿಗೆ ಇಬ್ಬರು ಸಿಗುತ್ತಾರೆ. ಅವರ ಕೈಗೆ ಒಳ್ಳೆಯ ರೆಕಾರ್ಡರು ಕೊಟ್ಟು, ಹಾಡಿದವರಿಗೆ ಒಂದು ದಿನದ ಕೂಲಿ ಕೊಟ್ಟು, ಮುಂದಿನ ದಸರೆಗೆ ಗೌಳಿವಾಡಗಳಿಗೆ ಕಳಿಸಬಹುದು.